ಅಜೀತನ ಬಲಗಿವಿ

ನಮ್ಮ ಅಣ್ಣನ ಮಗ ಅಜೀತ ಫೌಜಿನಿಂದ ರಿಟಾಯರ್ ಆಗಿ ಬಂದಾಗ ಅವನ ಬಲಗಿವಿ ಸತ್ತುಹೋಗಿತ್ತು. ಇದು ಅವನ ಹೆಂಡತಿ ಆಮ್ರಪಾಲಿಗೆ ಗೊತ್ತಿತ್ತು, ಮಗಳು ಮಯೂರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಹೊರಗಿನ ನರಪಿಳ್ಳೆಗೂ ತಿಳಿಯಬಾರದೆಂದು ಅವನ ಕಟ್ಟಪ್ಪಣೆ.

ಅವನಿದ್ದದ್ದು ತೋಪಖಾನೆಯಲ್ಲಿ. ತೋಪಿನ ಎಡಕ್ಕೆ ನಿಲ್ಲುವ ಕೆಲಸ ಬಹಳ ವರ್ಷ ಮಾಡಿದ. ತೋಪಿನ ಕಡೆಗಿದ್ದ ಕಿವಿ ಮೊದಮೊದಲು ಗುಂಯ್ ಅನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಹೇಳಿದ್ದರೆ ದವಾಖಾನೆಗೆ ಹಾಕುತ್ತಿದ್ದರು, ಹವಾಲ್ದಾರ್ ಪಟ್ಟಿ ಸಿಗುತ್ತಿರಲಿಲ್ಲ. ಡಾಕ್ಟರರು ಪರೀಕ್ಷೆ ಮಾಡುವಾಗ ಅವರ ತುಟಿ ನೋಡಿ ಉತ್ತರ ಕೊಟ್ಟು ಪಾಸಾದ. ಮುಂದೆ ತೋಪು ಎಳೆಯುವ ಗಾಡಿಗಳ ಉಸ್ತುವಾರಿ ಅವನಿಗೆ ಬಂತು. ಅದನ್ನು ಚೆನ್ನಾಗಿಯೇ ಮಾಡಿದನೆಂದು ಕೇಳಿದ್ದೇನೆ.

ದಾರಿಯಲ್ಲಿ ಹೋಗುವಾಗ ಆಮ್ರಪಾಲಿ ಯಾವಾಗಲೂ ಅವನ ಬಲಕ್ಕೆ ನಡೆಯುತ್ತಾಳೆ. ಗಾಡಿ ಬಂದರೆ ಅಂಗಿಯ ತೋಳು ಹಿಡಿದು ಎಳೆಯುತ್ತಾಳೆ. ಕುಳಿತು ಮಾತಾಡುವಾಗ ಮಾತ್ರ ಎಡಕ್ಕೆ ಬರುತ್ತಾಳೆ. ನೋಡಿದವರು ಗಂಡ ಹೆಂಡತಿಯ ಸಲಿಗೆ ಅಂದುಕೊಳ್ಳುತ್ತಾರೆ.

ನಮ್ಮೂರು ಘಾಟಬೋರಾಳ. ಮಯೂರಿಯ ಶಾಲೆಗೆ ಅನುಕೂಲವೆಂದು ಅಜೀತ ಹುಮನಾಬಾದಿನಲ್ಲಿ ಮನೆ ಹಿಡಿದ. ನಾನು ಅದೇ ಊರಿನ ಬಜಾರಿನಲ್ಲಿ ಹಮಾಲನಾಗಿ ಚೀಲ ಹೊತ್ತವನು, ಗಲ್ಲಿ ಗಲ್ಲಿ ಗೊತ್ತು. ಅವನ ಜೊತೆ ಕೆಲಸ ಕೇಳಿಕೊಂಡು ತಿರುಗಿದೆ. ಹೋದಲ್ಲೆಲ್ಲ ಒಂದೇ ಮಾತು. ಮಿಲಿಟ್ರಿಯವನೇ? ಒಳ್ಳೇದಾಯಿತು, ಬಾಗಿಲಿಗೆ ನಿಲ್ಲು. ಬ್ಯಾಂಕಿನವರು ಬಾಗಿಲಿಗೆ ಅಂದರು, ಕಾರ್ಖಾನೆಯವರು ಬಾಗಿಲಿಗೆ ಅಂದರು, ಬಂಗಾರದಂಗಡಿಯವರು ಬಂದೂಕಿನ ಸಮೇತ ಬಾಗಿಲಿಗೆ ಅಂದರು.

ಅಜೀತ ಒಪ್ಪಲಿಲ್ಲ. ಅವನ ಅಪ್ಪ, ಅಂದರೆ ನಮ್ಮಣ್ಣ, ಇದೇ ಊರಿನ ಧಾನ್ಯದ ಅಡತ್ ಅಂಗಡಿಯೊಂದರ ಬಾಗಿಲು ಕಾಯುತ್ತ ಮುದುಕನಾದವನು. ಮಳೆ ಬಂದರೆ ಖಾಲಿ ಗೋಣಿಚೀಲ ತಲೆಗೆ ಹಾಕಿಕೊಂಡು ನಿಲ್ಲುತ್ತಿದ್ದ. ಒಳಗೆ ಜಾಗ ಬೇಕಾದಷ್ಟಿತ್ತು. ಬಾ ಅಂತ ಯಾರೂ ಅನ್ನುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಶಾಲೆ ಬಿಟ್ಟು ಬರುವಾಗ ಅಜೀತ ಅದನ್ನು ನೋಡಿದ್ದಾನೆ. ಯಾವ ಕೆಲಸವಾದರೂ ಸರಿ, ಬಾಗಿಲು ಬೇಡ ಎಂದು ಅವನ ಹಟ. ಅದು ತಪ್ಪೆಂದು ನನಗೆ ಅನ್ನಿಸಲಿಲ್ಲ.

ಆಗ ಯಾರೋ ಬಸವಣಪ್ಪನವರ ಹೆಸರು ಹೇಳಿದರು. ಬಸವಣಪ್ಪನವರು ಸುಬೇದಾರರಾಗಿ ರಿಟಾಯರ್ ಆದವರು. ಫೌಜಿನಿಂದ ಬಂದವರಿಗೆ ಹೊರಗಿನ ನೌಕರಿ ಕೇಳುವುದು ಹೇಗೆಂದು ಪ್ರತಿ ಭಾನುವಾರ ಪುಕ್ಕಟೆ ಕಲಿಸುತ್ತಾರೆ. ಬಜಾರಿನ ಹಳೆಯ ಅಡತ್ ಅಂಗಡಿಯೊಂದರ ಮಾಳಿಗೆಯ ಮೇಲೆ ಒಂದು ಕೋಣೆ. ಗಂಡಸರು ಒಳಗೆ ಕುರ್ಚಿಯ ಮೇಲೆ, ಜೊತೆಗೆ ಬಂದ ಹೆಂಗಸರು ಹೊರಗೆ ಮೆಟ್ಟಿಲ ಮೇಲೆ. ಹಾಗೆ ಕೂಡಿ ಎಂದು ಯಾರೂ ಹೇಳಿರಲಿಲ್ಲ, ಹಾಗೆಯೇ ಕೂಡುತ್ತಿದ್ದರು. ನಾನು ಬಾಗಿಲ ಹತ್ತಿರ.

ಬಸವಣಪ್ಪನವರು ತಾವೇ ಕೆಲಸ ಕೊಡುವ ಶೇಟಜಿಯಾಗಿ ಮೇಜಿನ ಆಚೆ ಕುಳಿತು ಒಬ್ಬೊಬ್ಬರನ್ನು ಕರೆಯುತ್ತಿದ್ದರು. ಬಂದವನು ಕಾಲು ಜೋಡಿಸಿ, ಎದೆ ಸೆಟೆಸಿ ನಿಲ್ಲುವನು. ಕುಂದ್ರು ಅಂದರೆ ಕುರ್ಚಿಯ ತುದಿಗೆ ಕುಂತು ಮುಷ್ಟಿ ಎರಡೂ ಮೊಣಕಾಲ ಮೇಲೆ ಇಡುವನು.

"ನೌಕ್ರಿ ಕೇಳಾಕ ಬಂದೀಯೋ, ಶರಣಾಗಾಕ ಬಂದೀಯೋ? ಸಡ್ಲ ಬಿಡೋ ಮಾರಾಯಾ" ಎನ್ನುತ್ತಿದ್ದರು ಬಸವಣಪ್ಪನವರು.

ಇನ್ನೊಂದು ಮಾತು ಅವರು ಎಲ್ಲರಿಗೂ ಹೇಳುತ್ತಿದ್ದರು. ಹವಾಲ್ದಾರ್ ಅನ್ನಬೇಡಿ, ಶೇಟಜಿಗೆ ಪೊಲೀಸ್ ಠಾಣೆ ನೆನಪಾಗಿ ಗಲ್ಲಾಪೆಟ್ಟಿಗೆ ಮುಚ್ಚಿಕೊಳ್ಳುತ್ತಾನೆ. ಎಷ್ಟು ಗಾಡಿ ಸಂಭಾಳಿಸಿದಿರಿ, ಎಷ್ಟು ಮಂದಿಯ ಕೈಲಿ ಕೆಲಸ ತೆಗೆದಿರಿ, ಅದನ್ನು ಹೇಳಿ. ಮಾತು ಮಾತಿಗೆ ಸಾಬ್ ಅನ್ನಬೇಡಿ. ಅಜೀತ ಗೋಡೆಗೆ ಬಲಗಿವಿ ಮಾಡಿ ಕುಳಿತು ಎಲ್ಲ ಕಲಿತ. ಸಾಬ್ ಅನ್ನುವುದೊಂದು ಹೋಗಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಬಸವಣಪ್ಪನವರೇ ಒಂದು ಕೆಲಸ ತಂದರು. ಬಸವಕಲ್ಯಾಣದ ಹತ್ತಿರ ಹೈವೇ ಮೇಲೆ ಬಂಗ್ಲಾ ಎಂಬ ಜಾಗ ಇದೆಯಲ್ಲ, ಅಲ್ಲಿ ಸಂಜೀವಕುಮಾರ ಎಂಬುವವರದು ಲಾರಿಗಳ ಯಾರ್ಡು. ಹೊಲಮನೆ ಇದ್ದವರು, ಮುಂಬೈ ಹೈದರಾಬಾದ್ ಕಡೆ ಲಾರಿ ಓಡಿಸುತ್ತಾರೆ. ಯಾರ್ಡ್ ನೋಡಿಕೊಳ್ಳುವುದಕ್ಕೆ ಒಬ್ಬ ಗಟ್ಟಿ ಆಳು ಬೇಕು. ಇರಲಿಕ್ಕೆ ಅಲ್ಲಿಯೇ ಎರಡು ಖೋಲಿ ಕೊಡುತ್ತಾರೆ, ಅದಕ್ಕೆ ಮನೆಯವರನ್ನೂ ಕರೆತರಲು ಹೇಳಿದ್ದಾರೆ. ಅಜೀತನ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಬಂತು. ಹಿರಿಯರೊಬ್ಬರು ಇರಲಿ ಎಂದು ನನ್ನನ್ನೂ ಕರೆದ. ಹೆಣ್ಣು ನೋಡಲು ಹೋದಂತೆ ಮೂವರೂ ಬಸ್ ಹತ್ತಿದೆವು.

ಸಂಜೀವಕುಮಾರ ನಲವತ್ತರ ಒಳಗಿನವರು. ನನಗೆ ಕುಂದ್ರಿ ಕಾಕಾ ಎಂದು ಕುರ್ಚಿ ತೋರಿಸಿದರು. ಅಜೀತ ಕಲಿತಂತೆಯೇ ಮಾತಾಡಿದ. ಎಷ್ಟು ಗಾಡಿ, ಎಂಥ ಗುಡ್ಡದ ದಾರಿ, ಎಷ್ಟು ಮಂದಿ. ಸಂಜೀವಕುಮಾರರಿಗೆ ಅವನು ಹಿಡಿಸಿದ್ದು ಕಾಣುತ್ತಿತ್ತು. ಎದ್ದು ಯಾರ್ಡ್ ತೋರಿಸಿದರು. ಆಮ್ರಪಾಲಿ ಎಂದಿನಂತೆ ಬಲಕ್ಕೆ ನಡೆದಳು. ಒಂದು ಲಾರಿ ಹಿಂದಕ್ಕೆ ಬಂತು, ಅವಳು ತೋಳು ಹಿಡಿದು ಸರಿಸಿದಳು. ಯಾರೂ ಗಮನಿಸಲಿಲ್ಲ.

ಕೆಲಸದ ತಿರುಳು ಅದೇ ಆಗಿತ್ತು. ಯಾರ್ಡ್ ಇಕ್ಕಟ್ಟು. ಲಾರಿ ಒಳಗೆ ಬರುವಾಗ ಹಿಂದಕ್ಕೇ ಬರಬೇಕು. ಹಿಂದೆ ಒಬ್ಬ ನಿಂತು ಡ್ರೈವರನಿಗೆ ಕೈಮಾಡಿ ದಾರಿ ತೋರಿಸಬೇಕು. ಒಮ್ಮೊಮ್ಮೆ ಎರಡು ಮೂರು ಗಾಡಿ ಒಟ್ಟಿಗೆ ಹೊರಳುತ್ತವೆ, ಮೈಯೆಲ್ಲ ಕಿವಿಯಾಗಿರಬೇಕು. ಮೊದಲಿದ್ದವನ ಪಾದ ಗಾಲಿಗೆ ಸಿಕ್ಕು ಅವನು ಊರಿಗೆ ಹೋದ ಎಂದು ಸಂಜೀವಕುಮಾರ ಮುಚ್ಚುಮರೆಯಿಲ್ಲದೆ ಹೇಳಿದರು. ಮತ್ತೆ ಆಫೀಸಿಗೆ ಬಂದು ಕುಳಿತ ಮೇಲೆ ಕೇಳಿದರು:

"ಏನರ ತಕಲೀಫ್ ಅದನು? ಇದ್ರ ಈಗೇ ಹೇಳ್ರಿ."

ಇಲ್ಲಿ ಒಂದು ಮಾತು ತಿಳಿಸಬೇಕು. ಫೌಜಿನಲ್ಲಿ ದೊಡ್ಡ ಸಾಹೇಬರು ಆಗಾಗ ಎಲ್ಲ ಜವಾನರನ್ನು ಕೂಡಿಸಿ ದರ್ಬಾರ್ ನಡೆಸುತ್ತಾರಂತೆ. ಕೊನೆಗೆ, ಕೋಯಿ ತಕಲೀಫ್, ಅಂದರೆ ಏನಾದರೂ ತೊಂದರೆ ಇದೆಯೇ ಎಂದು ಕೇಳುತ್ತಾರಂತೆ. ಎಲ್ಲರೂ ಒಂದೇ ದನಿಯಲ್ಲಿ, ನಹೀಂ ಸಾಬ್. ಹಾಸಿಗೆಯಲ್ಲಿ ತಿಗಣೆ ಇರಲಿ, ಅನ್ನದಲ್ಲಿ ಕಲ್ಲಿರಲಿ, ನಹೀಂ ಸಾಬ್. ಅದು ಕೇಳುವ ಪ್ರಶ್ನೆಯಲ್ಲ, ದರ್ಬಾರ್ ಮುಗಿಯಿತೆಂಬ ಗಂಟೆ. ಇದನ್ನು ಅಜೀತನೇ ನನಗೆ ನಗುತ್ತ ಹೇಳಿದ್ದ.

ಈಗ ಅವನು ಕುರ್ಚಿಯಿಂದ ಎದ್ದು ಕಾಲು ಜೋಡಿಸಿದ. ಕಲಿತದ್ದೆಲ್ಲ ಎಲ್ಲಿ ಹೋಯಿತೋ.

"ನಹೀಂ ಸಾಬ್."

ಸಂಜೀವಕುಮಾರ ನಕ್ಕು ಆಮ್ರಪಾಲಿಯ ಕಡೆ ತಿರುಗಿ, ಅತ್ತಿಗೆಯನ್ನು ಕೇಳುವಂತೆ ಕೇಳಿದರು. "ನಿಮಗರೀ, ವೈನಿ?"

ಅವಳು ಕಿಟಕಿಯಿಂದ ಯಾರ್ಡಿನ ಕಡೆ ನೋಡುತ್ತಿದ್ದಳು. ಅಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು, ಹಿಂದೆ ಯಾರೂ ಇರಲಿಲ್ಲ.

"ಅದ್ರಿ" ಎಂದಳು. "ಇವ್ರಿಗೆ ಬಲಗಿವಿ ಕೇಳಂಗಿಲ್ಲ."

ಅಜೀತ ಕುಳಿತುಕೊಳ್ಳಲಿಲ್ಲ. ಸಂಜೀವಕುಮಾರ ಚಹಾ ತರಿಸಿದರು. ಆಮೇಲೆ ಮೆತ್ತಗೆ ಹೇಳಿದರು, ಈ ಕೆಲಸಕ್ಕೆ ಹಚ್ಚಲಾರೆ, ನಾಳೆ ಏನಾದರೂ ಆದರೆ ವೈನಿಯವರಿಗೆ ಮುಖ ತೋರಿಸುವುದು ಹೇಗೆ. ಬೇಕಿದ್ದರೆ ಗೇಟಿಗೆ ಒಬ್ಬರು ಬೇಕು ಅಂದರು. ಗೇಟ್ ಎಂಬ ಮಾತು ಬಂದದ್ದೇ ಅಜೀತ ನಮಸ್ಕಾರ ಮಾಡಿ ಹೊರಗೆ ನಡೆದ.

ನಾವೂ ಎದ್ದೆವು. ಸಂಜೀವಕುಮಾರ ಆಮ್ರಪಾಲಿಯನ್ನು ತಡೆದು ಹಿಂದಿ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಫಿರೋಜ್‌ಪುರದಲ್ಲಿದ್ದಾಗ ಪಂಜಾಬಿಯೂ ಬಂತು, ಸಿಕಂದರಾಬಾದಿನಲ್ಲಿ ತೆಲುಗೂ ಅಷ್ಟಿಷ್ಟು ಕಲಿತೆ ಎಂದಳು. ಪಲ್ಟನ್ನಿನ ಹೆಂಗಸರ ಹೊಲಿಗೆ ಕೇಂದ್ರ ನಡೆಸುತ್ತಿದ್ದಳೆಂದು ನಾನು ಹೇಳಿದೆ.

"ದಾರಿ ಮ್ಯಾಲಿನ ಡ್ರೈವರ್‌ಗೋಳ ಫೋನ್ ಎತ್ತಾಕ ಒಬ್ರು ಬೇಕು" ಎಂದರು ಅವರು. "ನನ್ನ ಆಫೀಸಿನಾಗ ಎಲ್ಲಾರೂ ಸಬ್ ಠೀಕ್ ಅಂತಾರ. ಗಾಡಿ ಪಲ್ಟಿ ಆದ್ರೂ ಸಬ್ ಠೀಕ್. ಠೀಕ್ ಇಲ್ಲದ್ದು ಹೇಳೋರು ನನಗ ಸಿಕ್ಕಿಲ್ಲ ವೈನಿ. ವಿಚಾರ ಮಾಡ್ರಿ."

ಅವಳು, ಕೇಳಿ ಹೇಳ್ತೀನ್ರಿ, ಎಂದಳು. ಯಾರನ್ನು ಕೇಳಿ ಎಂದು ಅವರು ವಿಚಾರಿಸಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಜೀತ ಎಡಕ್ಕಿದ್ದ ಕಿಟಕಿಯ ಹತ್ತಿರ ಹೋಗಿ ಕುಳಿತ. ಅವಳಿಗೆ ಉಳಿದದ್ದು ಅವನ ಬಲಗಡೆ. ಅವಳು ಒಂದೆರಡು ಸಲ ಏನೋ ಹೇಳಿದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಕೇಳಲಿಲ್ಲವೋ ಕೇಳಿಸಿಕೊಳ್ಳಲಿಲ್ಲವೋ, ಆ ಕಿವಿಯಲ್ಲಿ ಅದೊಂದು ಅನುಕೂಲ.

ಮನೆಯಲ್ಲಿಯೂ ಹಾಗೆಯೇ ನಡೆಯಿತು. ಅವಳು ಎಡಕ್ಕೆ ಬಂದರೆ ಅವನು ತಿರುಗಿ ಬಲಗಿವಿ ಕೊಡುವನು. ಅಪ್ಪಾ, ಅವ್ವ ಊಟಕ್ಕ ಕರ್ಯಾಕತ್ತಾಳ ಎಂದು ಮಯೂರಿ ಹೇಳಬೇಕು. ಅವ್ವಾ, ಅಪ್ಪಗ ಹಸಿವಿಲ್ಲಂತ ಎಂದು ತಿರುಗಿ ಹೇಳಬೇಕು. ಹುಡುಗಿಗೆ ಬೇಸರವಾಗಿ, ನೀವಿಬ್ಬರೂ ನನಗೊಂದು ಸಿಮ್ ಕೊಡಿಸಿರಿ ಎಂದು ಗೊಣಗಿದಳು.

ಆಮ್ರಪಾಲಿಗೆ ಅತ್ತೆ ಇಲ್ಲ, ಮಾವ ಇಲ್ಲ, ಹಿರಿಯನೆಂದರೆ ನಾನೊಬ್ಬ. ಅವಳು ಒಂದು ಸಂಜೆ ನನ್ನೆದುರಿಗೆ ಕುಳಿತು ಜೋಳ ಹಸನು ಮಾಡುತ್ತ ಮಾತು ತೆಗೆದಳು. ಅವಳು ತಪ್ಪಾಯಿತು ಅನ್ನಲಿಲ್ಲ.

"ಮಾಮಾ, ನಮಗೂ ಮೇಮ್‌ಸಾಬ್ ಕೇಳ್ತಿದ್ರು, ಕೋಯಿ ತಕಲೀಫ್ ಅಂತ. ನಳಕ್ಕ ನೀರ ಇರ್ತಿರಲಿಲ್ಲ, ನಹೀಂ ಮೇಮ್‌ಸಾಬ್ ಅಂತಿದ್ವಿ. ಮಯೂರಿಗೆ ಜ್ವರ ಬಂದು ಇವ್ರು ಬಾರ್ಡರ್ ಮ್ಯಾಲ ಇದ್ರು, ಆಗೂ ಹಂಗೇ ಅಂದೆ. ಅಲ್ಲಿ ಅಂದ್ರ ನಡೀತಿತ್ತು. ಆ ಯಾರ್ಡಿನಾಗ ಇವ್ರ ಬಲಕ್ಕ ನಾ ಇರಂಗಿಲ್ಲ."

ಕೆಲಸಕ್ಕೆ ಹೋಗಲೋ ಬೇಡವೋ ಎಂದು ಕೇಳಿದಳು. ಕೇಳಬೇಕಾದವನು ಒಳಗಿದ್ದಾನೆ, ನಾನು ಹೂಂ ಅಂದರೆ ಹಿರಿತನ, ಉಹೂಂ ಅಂದರೂ ಹಿರಿತನ ಚಲಾಯಿಸಿದಂತೆ. ನಿನಗೆ ತಿಳಿದಂತೆ ಮಾಡು ಅಂದೆ. ಅವಳು ಒಳಗೆ ಹೋಗಿ ಗಂಡನ ಎದುರಿಗೆ, ಮುಖ ಕಾಣುವಂತೆ ನಿಂತು, ನಾಳೆಯಿಂದ ಬಂಗ್ಲಾಕ್ಕೆ ಹೋಗುತ್ತೇನೆ ಎಂದಳು. ಅವನು ತುಟಿ ಓದಬಲ್ಲವನು, ತಿಳಿಯಲಿಲ್ಲ ಅನ್ನುವಂತಿರಲಿಲ್ಲ. ನಿನ್ನ ಇಷ್ಟ ಎಂದ.

ಅವಳು ಬೆಳಗಿನ ಬಸ್ಸಿಗೆ ಹೋಗುವಳು, ಸಂಜೆ ಬರುವಳು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಿಬ್ಬರು, ಮಿಲಿಟ್ರಿಯವ ಮನೆಯಲ್ಲಿ, ಹೆಂಡತಿ ಲಾರಿ ಆಫೀಸಿನಲ್ಲಿ ಎಂದು ನಕ್ಕರು. ಅದು ಅವನ ಎಡಗಿವಿಗೆ ಬಿತ್ತು.

ಬಸವಣಪ್ಪನವರಿಗೆ ಸುದ್ದಿ ಸಂಜೀವಕುಮಾರರಿಂದಲೇ ಮುಟ್ಟಿತ್ತು. ಮುಂದಿನ ಭಾನುವಾರ ಅವರು ಮೇಜಿನ ಆಚೆ ಕೂಡಲಿಲ್ಲ, ಈಚೆ ಬಂದು ನಿಂತರು. ಅಜೀತ ಬಂದಿದ್ದ, ಗೋಡೆಯ ಪಕ್ಕ ತನ್ನ ಜಾಗದಲ್ಲಿ ಕುಳಿತಿದ್ದ. ಆಮ್ರಪಾಲಿಯೂ ಬಂದು ಮೆಟ್ಟಿಲ ಮೇಲೆ ಉಳಿದ ಹೆಂಗಸರ ಜೊತೆ ಕುಳಿತಿದ್ದಳು. ಬಸವಣಪ್ಪನವರು ಪರೇಡ್ ಮೈದಾನದ ದನಿ ತೆಗೆದು, ಕೋಯಿ ತಕಲೀಫ್ ಎಂದರು. ಕೋಣೆಯಿಡೀ, ನಹೀಂ ಸಾಬ್ ಎಂದಿತು. ಕೆಳಗಿನ ಅಂಗಡಿಯವನು ಹೊರಗೆ ಬಂದು ಮೇಲೆ ನೋಡಿದ.

"ಇದ ನೋಡ್ರಿ ನಮ್ಮ ರೋಗ" ಎಂದರು ಬಸವಣಪ್ಪನವರು. "ಇಷ್ಟು ದಿನಾ ನಾ ಇದನ್ನ ಕಲಸಲಿಲ್ಲ. ನನಗೇ ಗೊತ್ತಿರಲಿಲ್ಲ."

ಒಬ್ಬೊಬ್ಬರೂ ಒಂದೊಂದು ತಕಲೀಫ್ ಹೇಳಬೇಕೆಂದರು. ಯಾರ ಬಾಯಿಂದಲೂ ಹೊರಡಲಿಲ್ಲ. ಕೊನೆಗೆ ಶಂಶುದ್ದೀನ್ ಎಂಬ ಗಾಡಿ ಓಡಿಸುತ್ತಿದ್ದವನು ಎದ್ದು, ಇವತ್ತು ಚಹಾದಲ್ಲಿ ಸಕ್ಕರೆ ಕಮ್ಮಿಯಾಗಿದೆ ಎಂದ. ಎಲ್ಲರೂ ನಕ್ಕರು. ಅದು ಚಹಾದವನ ತಕಲೀಫ್, ನಿನ್ನದು ಹೇಳು ಎಂದರೆ ಕುಳಿತುಬಿಟ್ಟ. ಆಗ ಬಸವಣಪ್ಪನವರು ತಮ್ಮದನ್ನೇ ಹೇಳಿದರು. ಅವರು ರಿಟಾಯರ್ ಆದ ಮೇಲೆ ಬಹಳ ವರ್ಷ ಒಂದು ಬ್ಯಾಂಕಿನ ಬಾಗಿಲು ಕಾದಿದ್ದಾರೆ. ಹಿಮ್ಮಡಿ ಸೀಳಿದಂತೆ ನೋಯುತ್ತಿತ್ತು. ಮ್ಯಾನೇಜರು ಒಳ್ಳೆಯವರು, ಏನಾದರೂ ಬೇಕೇ ಎಂದು ದಿನಾ ಕೇಳುತ್ತಿದ್ದರು. ಒಂದು ಸ್ಟೂಲ್ ಬೇಕು ಎಂದು ಬಾಯಿಗೆ ಬರಲಿಲ್ಲ. ಒಳಗೆ ಸ್ಟೂಲುಗಳು ಒಂದರ ಮೇಲೊಂದು ಬಿದ್ದಿದ್ದವು.

ನನಗೆ ನಮ್ಮಣ್ಣ ನೆನಪಾದ. ಅವನು ಫೌಜಿಗೆ ಹೋದವನಲ್ಲ. ಅವನ ಸುಮ್ಮನಿರುವಿಕೆ ಬೇರೆಯದು, ಅದನ್ನು ಅವನನ್ನು ಒಳಗೆ ಕರೆಯದವರು ಕಲಿಸಿದ್ದರು. ನಿಂತದ್ದು ಮಾತ್ರ ಇಬ್ಬರೂ ಒಂದೇ ರೀತಿ.

ಆಮೇಲೆ ಬಸವಣಪ್ಪನವರು ಬಾಗಿಲಿಗೆ ಬಂದು ಮೆಟ್ಟಿಲ ಮೇಲಿದ್ದ ಹೆಂಗಸರನ್ನು ಒಳಗೆ ಕರೆದರು. ಇವರ ತಕಲೀಫ್ ಇವರಿಗಿಂತ ನಿಮಗೇ ಗೊತ್ತು, ಹೇಳಿ ಎಂದರು. ಮೊದಲು ನಾಚಿಕೊಂಡರು. ಒಬ್ಬಳು ಶುರು ಮಾಡಿದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಒಬ್ಬನಿಗೆ ಮೊಣಕಾಲು, ಒಬ್ಬನಿಗೆ ನಿದ್ದೆಯಿಲ್ಲ, ಶಂಶುದ್ದೀನನಿಗೆ ಕತ್ತಲಾದರೆ ದಾರಿ ಕಾಣುವುದಿಲ್ಲ. ಗಂಡಸರು ನೆಲ ನೋಡುತ್ತ ಕುಳಿತರು. ಆಮ್ರಪಾಲಿ ಮಾತ್ರ ಬಾಯಿ ತೆಗೆಯಲಿಲ್ಲ. ಒಮ್ಮೆ ಹೇಳಿ ಆಗಿತ್ತು.

ಅಜೀತ ತಾನೇ ಎದ್ದ. "ನನ್ನ ಬಲಗಿವಿ ಕೇಳಂಗಿಲ್ಲ" ಎಂದ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ಅಷ್ಟ ಅಂದ್ರ ಶೇಟಜಿ ಮನಿಗೆ ಕಳಸ್ತಾನ" ಎಂದರು ಬಸವಣಪ್ಪನವರು. "ಅದು ಅರ್ಧಾ ಮಾತು. ಕಿವಿ ಇಲ್ಲ ಅಂದ್ಮ್ಯಾಲ ಕೆಲಸ ಹ್ಯಾಂಗ ಮಾಡ್ತಿ? ಆ ಅರ್ಧಾ ಹೇಳು."

ಅವನ ಹತ್ತಿರ ಆ ಅರ್ಧ ಇರಲಿಲ್ಲ. ಕುಳಿತುಕೊಂಡ.

ಅದನ್ನು ಹುಡುಕುತ್ತ ಅವನು ಮಳೆಗಾಲದ ಮೊದಲ ಕೆಲವು ವಾರ ಕಳೆದ. ಆಮ್ರಪಾಲಿಯನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗತೊಡಗಿದ, ಆಮೇಲೆ ಒಂದೊಂದು ದಿನ ಬಂಗ್ಲಾದವರೆಗೂ ಮೋಟರ್‌ಸೈಕಲ್ ಮೇಲೆ ಬಿಟ್ಟ. ಯಾರ್ಡಿನ ಹೊರಗೆ ಚಹಾ ಕುಡಿಯುತ್ತ ಲಾರಿಗಳನ್ನು ನೋಡುವನು. ಸಂಜೆ ಮನೆಯಲ್ಲಿ ಅವಳನ್ನು ಒಂದೊಂದು ಕೇಳುವನು. ಗಾಡಿ ಹೊರಡುವ ಮೊದಲು ಟೈರ್ ಯಾರು ನೋಡುತ್ತಾರೆ? ಹಗ್ಗ ಯಾರು ನೋಡುತ್ತಾರೆ? ಯಾರೂ ನೋಡುವುದಿಲ್ಲ, ಅದಕ್ಕೇ ದಾರಿಯಲ್ಲಿ ನಿಂತ ಗಾಡಿಗಳ ಫೋನು ನನಗೆ ಬರುತ್ತವೆ ಎನ್ನುವಳು. ಮಾತು ಶುರುವಾದದ್ದು ಮಯೂರಿಗೆ ಮೊದಲು ತಿಳಿಯಿತು, ಅವಳ ಕೆಲಸ ತಪ್ಪಿತ್ತು.

ಒಂದು ದಿನ ಅವನು ಅವಳ ಜೊತೆ ಒಳಗೇ ಹೋದ. ಗದ್ದೆಯಂತಾದ ಯಾರ್ಡ್ ದಾಟಿ, ಸಂಜೀವಕುಮಾರರ ಮುಂದೆ ನಿಲ್ಲದೆ ಕುಳಿತು, ಎರಡೂ ಅರ್ಧ ಹೇಳಿದನಂತೆ. ಅವನ ಮಾತನ್ನು ಆಮ್ರಪಾಲಿ ನನಗೆ ಹೇಳಿದಂತೆಯೇ ಬರೆಯುತ್ತಿದ್ದೇನೆ.

"ಹೊರಳೋ ಗಾಡಿ ಹಿಂದ ನಾ ನಿಂದ್ರಂಗಿಲ್ಲ. ನಿಂತ ಗಾಡಿ ನೋಡ್ತೀನಿ, ಟೈರ್, ಹಗ್ಗ, ಲೈಟ್, ಬ್ರೇಕ್. ನಾ ಗಾಡಿಗೆ ಕೈ ಹಚ್ಚೋಕಿಂತ ಮೊದ್ಲ ಚಾವಿ ನನ್ನ ಕಿಸೆದಾಗ ಇರಬೇಕು. ಅಕ್ಕಪಕ್ಕದ ಗಾಡಿ ಚಾವಿನೂ. ಫೌಜಿನಾಗ ಗಾಡಿ ಕೆಳಗ ಹೋಗಾಂವನ ಕಡೇನೇ ಚಾವಿ ಇರ್ತದ."

ಸಂಜೀವಕುಮಾರ ಕೂಡಲೇ ಒಪ್ಪಲಿಲ್ಲ. ಯೋಚಿಸಿ, ದೀಪಾವಳಿವರೆಗೆ ನೋಡೋಣ, ಸರಿಹೋಗದಿದ್ದರೆ ಇಬ್ಬರಿಗೂ ಬೇಜಾರು ಬೇಡ ಅಂದರು. ಡ್ರೈವರುಗಳು ಇನ್ನೂ ನಿಧಾನ. ಚಾವಿ ಬೇರೆಯವರ ಕೈಗೆ ಕೊಡುವುದೆಂದರೆ ಅವರಿಗೆ ಮೀಸೆ ಬೋಳಿಸಿಕೊಂಡಂತೆ. ಮಹೆಬೂಬ ಎಂಬ ಹಳೆಯ ಡ್ರೈವರು ಎಲ್ಲರೆದುರು ಅಡ್ಡ ಮಾತು ಆಡಿದ.

"ಮನ್ಯಾಗಿನ ತಿಜೋರಿ ಚಾವಿನೂ ಕೊಡ್ಬೇಕೇನು, ಫೌಜಿ?"

"ಅದು ನಿನ್ನ ಕಡೆ ಎಲ್ಲದ ಉಸ್ತಾದ್, ಭಾಬಿ ಸೆರಗಿನಾಗ ಅದ" ಎಂದ ಅಜೀತ. "ಮತ್ತ ನನ್ನ ಕೂಡ ಮಾತಾಡೋದಿದ್ರ ಈ ಕಡೆ ಬಂದು ಮಾತಾಡು. ಆ ಕಡೆ ಅಂಗಡಿ ಬಂದ್ ಆಗ್ಯದ."

ಮಹೆಬೂಬ ನಗುತ್ತ ಸುತ್ತಿ ಎಡಕ್ಕೆ ಬಂದು ಚಾವಿ ಕೊಟ್ಟನಂತೆ.

ದೀಪಾವಳಿಗೆ ಅವರನ್ನು ನೋಡಲು ಬಂಗ್ಲಾಕ್ಕೆ ಹೋದೆ. ಆ ಹೊತ್ತಿಗೆ ಅವರಿಗೆ ಯಾರ್ಡಿನ ಖೋಲಿ ಸಿಕ್ಕಿತ್ತು. ಮಯೂರಿ ಶಾಲೆಗೆ ಅಲ್ಲಿಂದಲೇ ಹುಮನಾಬಾದಿಗೆ ಬಸ್ಸಿಗೆ ಹೋಗುತ್ತಿದ್ದಳು, ಅದರ ಬಗ್ಗೆ ಅವಳ ತಕಲೀಫ್ ದಿನಾ ಇರುತ್ತಿತ್ತು. ಲಾರಿ ಹಿಂದಕ್ಕೆ ತರಿಸಲು ಮನ್ನಾಏಖೇಳ್ಳಿಯ ಒಬ್ಬ ಆಳನ್ನು ಇಟ್ಟಿದ್ದರು. ಆಫೀಸಿನ ಒಳಗೆ ಆಮ್ರಪಾಲಿ ಫೋನಿನಲ್ಲಿ ಯಾರಿಗೋ ಪಂಜಾಬಿಯಲ್ಲಿ ಬೈಯುತ್ತಿದ್ದಳು. ಅಜೀತನ ಕಿಸೆ ಚಾವಿಗಳಿಂದ ಜೋತುಬಿದ್ದಿತ್ತು, ನಡೆದರೆ ಎತ್ತಿನ ಗೆಜ್ಜೆಯಂತೆ ಸಪ್ಪಳ. ಡ್ರೈವರುಗಳು ಅವನ ಹತ್ತಿರ ಬರುವಾಗ ನೆಟ್ಟಗೆ ಬರದೆ ಅರ್ಧ ಸುತ್ತು ಹಾಕಿ ಎಡಕ್ಕೆ ಬರುತ್ತಿದ್ದರು. ಅಭ್ಯಾಸವಾಗಿತ್ತು, ಯಾರೂ ಅದನ್ನು ಗಮನಿಸುತ್ತಿರಲಿಲ್ಲ.

ಸಂಜೆ ಸಂಜೀವಕುಮಾರ ಮನೆಗೆ ಹೊರಟು ಕಾರಿನ ಬಾಗಿಲು ತೆಗೆದು ಕೇಳಿದರು, ಏನರ ತಕಲೀಫ್ ಅದನು ಎಂದು. ಹೋಗುವ ಮುಂಚೆ ಎಲ್ಲರೂ ಕೇಳುವಂತೆ ಕೇಳಿದರು, ಒಂದು ಕಾಲು ಆಗಲೇ ಕಾರಿನೊಳಗಿತ್ತು.

"ಅದ್ರಿ" ಎಂದ ಅಜೀತ. "ಯಾರ್ಡಿನ ಹಿಂದಿನ ದೀಪ ಹೋಗ್ಯದ. ಕತ್ತಲದಾಗ ಕಣ್ಣೂ ಇಲ್ಲ ಅಂದ್ರ ನನಗ ಏನೂ ಉಳ್ಯಂಗಿಲ್ಲ."

ಅವರು ನಾಳೆ ಹಾಕಿಸುತ್ತೇನೆ ಎಂದು ಹೋದರು.

ಮರುದಿನ ದೀಪ ಬರಲಿಲ್ಲ. ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಸಂಜೀವಕುಮಾರರ ಕಾರು ಗೇಟಿನೊಳಗೆ ಬಂತು. ಅಜೀತ ಕೈಲಿದ್ದ ಹಗ್ಗ ಬಿಟ್ಟು, ಮತ್ತೊಮ್ಮೆ ಹೇಳಲು ಆ ಕಡೆ ನಡೆದ.